ಒಂದೇ ವ್ಯಾನು, ಎರಡು ಥರದ ಗಾಲಿ: ಯಾವುದು ಅಸಲಿ?

ಪ್ರಶ್ನೆ: ಸರ್, ನಮ್ಮದು ಮೂಡಿಗೆರೆ ತಾಲ್ಲೂಕಿನಲ್ಲಿ ಸಣ್ಣ ಕಾಫಿ ತೋಟ. ಅಜ್ಜ ಪಕ್ಕದ ದೊಡ್ಡ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಬಂಗ್ಲೆಯ ದೊರೆ ಊರು ಬಿಡುವಾಗ ಮಕ್ಕಳ ಆಟದ ಸಾಮಾನನ್ನು ಅಜ್ಜನಿಗೆ ಕೊಟ್ಟು ಹೋದರಂತೆ. ಈ ಬೇಸಿಗೆಯಲ್ಲಿ ಹೆಂಚು ಕೈಯಾಡಿಸುವಾಗ ಅಟ್ಟದ ಟ್ರಂಕಿನಲ್ಲಿ ಅವು ಸಿಕ್ಕಿವೆ. ‘ಬ್ರೂಕ್ ಬಾಂಡ್ ಟೀ’ ಎಂದು ಬರೆದ ಮ್ಯಾಚ್‌ಬಾಕ್ಸ್ ಕಂಪನಿಯ ಕೆಂಪು ಆಟಿಕೆ ವ್ಯಾನು ಎರಡಿವೆ. ಒಂದರ ಗಾಲಿ ಲೋಹದ್ದು, ಇನ್ನೊಂದರದು ಬೂದು ಬಣ್ಣದ ಪ್ಲಾಸ್ಟಿಕ್. 65 ಎಂದಿರುವ ಕೆಂಪು ಜಾಗ್ವಾರ್ ಒಂದಿದೆ, ಗಾಲಿ ಕಪ್ಪು. ಇನ್ನೊಂದು ಸ್ವಲ್ಪ ದೊಡ್ಡ ಕಾರಿನ ತಳದಲ್ಲಿ ‘ನಿಕ್ಕಿ ಟಾಯ್ಸ್’ ಎಂದಿದೆ. ಹಾಸನದಲ್ಲಿ ಹಳೇ ಸಾಮಾನು ಕೊಳ್ಳುವವರೊಬ್ಬರು, ‘ಒಂದೇ ವ್ಯಾನಿಗೆ ಎರಡು ಥರ ಗಾಲಿ ಅಂದ್ರೆ ಒಂದು ಡೂಪ್ಲಿಕೇಟು’ ಅಂದರು. ಫೋಟೊ ನೋಡಿದ ಬೆಂಗಳೂರಿನ ಇನ್ನೊಬ್ಬರು, ‘ಬೂದು ಗಾಲಿಯದು ಫ್ಯಾಕ್ಟರಿ ಮಿಸ್ಟೇಕು, ಭಾರೀ ರೇರು, ಅದೊಂದನ್ನೇ ಕೊಡಿ’ ಅನ್ನುತ್ತಿದ್ದಾರೆ. ಒಂದು ವ್ಯಾನಿನ ಬಣ್ಣ ಗುಳ್ಳೆ ಎದ್ದು ಬಿಳಿ ಪುಡಿ ಉದುರುತ್ತಿದೆ. ಹುಣಸೆಹಣ್ಣು ಹಾಕಿ ತಿಕ್ಕು ಅಂತ ಅತ್ತೆ, ಗ್ಯಾರೇಜಿನಲ್ಲಿ ಸ್ಪ್ರೇ ಹೊಡೆಸೋಣ ಅಂತ ತಮ್ಮ. ಟ್ರಂಕಿನ ತಳದಲ್ಲಿ ಹರಿದ ರಟ್ಟಿನ ಚೂರುಗಳೂ ಇವೆ, ಅವನ್ನು ಒಲೆಗೆ ಹಾಕಬಹುದಾ? ಏನು ಮಾಡಲಿ?

ಉತ್ತರ: ಹುಣಸೆಹಣ್ಣು, ಸ್ಪ್ರೇ, ಮಾರಾಟ ಮೂರನ್ನೂ ಸದ್ಯ ನಿಲ್ಲಿಸಿ. ನಿಮ್ಮ ಎರಡು ವ್ಯಾನುಗಳೂ ಅಸಲಿಯೇ ಇರುವ ಸಂಭವ ಹೆಚ್ಚು. ಹಾಸನದವರು ಹೇಳಿದ್ದೂ ಸರಿಯಲ್ಲ, ಬೆಂಗಳೂರಿನವರು ಹೇಳಿದ್ದೂ ಸರಿಯಲ್ಲ. ಗಾಲಿ ಬೇರೆ ಎಂಬ ಒಂದೇ ಕಾರಣಕ್ಕೆ ಗಾಡಿ ನಕಲಿಯೂ ಆಗುವುದಿಲ್ಲ, ಅಪರೂಪದ್ದೂ ಆಗುವುದಿಲ್ಲ.

ನಿಮ್ಮದು ಲಂಡನ್ನಿನ ಲೆಸ್ನಿ ಕಂಪನಿಯ ಮ್ಯಾಚ್‌ಬಾಕ್ಸ್ ಸರಣಿಯ 47ನೇ ನಂಬರು, ಟ್ರೋಜನ್ ವ್ಯಾನು. ಸರಣಿ ಶುರುವಾಗಿದ್ದು 1953ರಲ್ಲಿ, ಈ ವ್ಯಾನು ಬಂದಿದ್ದು 1958ರಲ್ಲಿ. ಮೊದಮೊದಲು ಆ ಕಂಪನಿಯ ಗಾಡಿಗಳಿಗೆಲ್ಲ ಸತುವಿನ ಎರಕದ ಗಾಲಿಗಳೇ ಇದ್ದವು. 1950ರ ದಶಕ ಮುಗಿಯುವ ಹೊತ್ತಿಗೆ ಬೂದು ಪ್ಲಾಸ್ಟಿಕ್ ಬಂತು. ಪ್ಲಾಸ್ಟಿಕ್ ಗಾಲಿ ಹಗುರ, ಸಲೀಸಾಗಿ ಉರುಳುತ್ತದೆ. ಈ ವ್ಯಾನು ಹುಟ್ಟಿದ್ದು ಸರಿಯಾಗಿ ಆ ಬದಲಾವಣೆಯ ಕಾಲದಲ್ಲಿ. ಹಾಗಾಗಿ ಲೋಹದ ಗಾಲಿಯದು ಮೊದಲಿನ ತಯಾರಿ, ಬೂದು ಗಾಲಿಯದು ನಂತರದ್ದು. ಎರಡೂ ಕಾರ್ಖಾನೆಯಿಂದಲೇ ಹೊರಟ ಮಾಲು, ಸಂಗ್ರಹಕಾರರ ಪಟ್ಟಿಗಳಲ್ಲಿ ಎರಡಕ್ಕೂ ಜಾಗವಿದೆ. 1963ರಲ್ಲಿ 47ನೇ ನಂಬರನ್ನು ಐಸ್‌ಕ್ರೀಂ ಗಾಡಿಯೊಂದಕ್ಕೆ ಕೊಟ್ಟರು, ಆಮೇಲೆ ಡಾಫ್ ಲಾರಿಗೆ. ಅಲ್ಲಿಗೆ ನಿಮ್ಮ ಎರಡೂ ವ್ಯಾನುಗಳ ಕಾಲ ಆ ಐದು ವರ್ಷಗಳೊಳಗೆ ನಿಲ್ಲುತ್ತದೆ. ಕಾಫಿ ಸೀಮೆಯ ಅಟ್ಟದಲ್ಲಿ ಟೀ ವ್ಯಾನು ಇಷ್ಟು ವರ್ಷ ಕೂತಿದ್ದು ತಮಾಷೆಯೇ ಸರಿ.

ಈ ಬದಲಾವಣೆ ಒಂದು ದಿನ ಬೆಳಗ್ಗೆ ಗಂಟೆ ಹೊಡೆದ ಹಾಗೆ ಆಗುವುದಿಲ್ಲ ಎಂಬುದು ಮುಖ್ಯ. ಒಂದು ಡಬ್ಬದಲ್ಲಿ ಹಳೇ ಗಾಲಿ ಇರುತ್ತದೆ, ಪಕ್ಕದ ಡಬ್ಬಕ್ಕೆ ಹೊಸದು ಬಂದಿರುತ್ತದೆ. ಮಕ್ಕಳ ಆಟಿಕೆಗೆ ಯಾರೂ ಇಂಥ ದಿನದಿಂದ ಇಂಥ ಗಾಲಿ ಎಂದು ಲೆಕ್ಕ ಇಡುವುದಿಲ್ಲ, ಹಳೆಯದು ಖಾಲಿಯಾಗುವವರೆಗೂ ಬಳಸುತ್ತಾರೆ. ಬಣ್ಣವೂ ಹಾಗೆಯೇ: ಒಂದು ಸಲ ಕಲಸಿದ ಕೆಂಪು ಮುಂದಿನ ಸಲದ ಕೆಂಪಿಗಿಂತ ಒಂಚೂರು ಗಾಢ. ಒಂದೇ ಗಿಡದ ಹಣ್ಣು ಬಿಡಿಸಿದರೆ ನಡುವೆ ಪಿಬಿಯೂ (ಎರಡರ ಬದಲು ಒಂದೇ ದುಂಡು ಬೀಜ) ಬರುತ್ತದಲ್ಲ, ಅದನ್ನು ನಕಲಿ ಬೀಜ ಎನ್ನುತ್ತೇವೆಯೇ?

ಆದರೆ ಅರವತ್ತು ವರ್ಷದಲ್ಲಿ ಯಾರೋ ಗಾಲಿ ಬದಲಿಸಿರಲೂಬಹುದು. ಅದನ್ನು ಪತ್ತೆ ಮಾಡುವ ದಾರಿ ಬಣ್ಣದಲ್ಲಿಲ್ಲ. ಕನ್ನಡದಲ್ಲಿ ಎರಕ ಹೊಯ್ಯುವುದೂ ಅಚ್ಚು, ಗಾಲಿ ತಿರುಗುವುದೂ ಅಚ್ಚಿನ ಮೇಲೆ. ಈ ಎರಡು ಅಚ್ಚುಗಳನ್ನು ನೋಡಿದರೆ ಮುಕ್ಕಾಲು ವಿಷಯ ತಿಳಿಯುತ್ತದೆ. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಒಂದು, ಚಿಕ್ಕ ಟಾರ್ಚು ಒಂದು ಸಾಕು.

ಮೊದಲು ಗಾಲಿಯ ಅಚ್ಚು. ಅದು ಉಕ್ಕಿನ ತಂತಿ. ಗಾಲಿ ತೂರಿಸಿದ ಮೇಲೆ ಹೊರಬಾರದ ಹಾಗೆ ತುದಿಯನ್ನು ಯಂತ್ರದಲ್ಲಿ ಒತ್ತುತ್ತಿದ್ದರು. ಮೊದಲಿನ ತಯಾರಿಯಲ್ಲಿ ತುದಿ ಇಕ್ಕುಳದಿಂದ ಅಮುಕಿದ ಹಾಗೆ ಚಪ್ಪಟೆ ಇರುತ್ತದೆ. ನಂತರದ್ದರಲ್ಲಿ ಮೊಳೆಯ ತಲೆಯ ಹಾಗೆ ದುಂಡಗೆ. ಒಂದೇ ಗಾಡಿಯ ನಾಲ್ಕು ತುದಿಗಳೂ ಒಂದೇ ರೀತಿ ಇರಬೇಕು. ಗಾಲಿ ಬದಲಿಸಬೇಕೆಂದರೆ ಒಂದು ಕಡೆಯ ತುದಿಯನ್ನು ಅರದಿಂದ ಉಜ್ಜಿ ಅಥವಾ ಕತ್ತರಿಸಿ ತೆಗೆಯಲೇಬೇಕು. ಹಾಗೆ ಮಾಡಿದಾಗ ಮೂರು ಗುರುತುಗಳಲ್ಲಿ ಒಂದಾದರೂ ಉಳಿಯುತ್ತದೆ: ಒಂದು ತುದಿ ಉಳಿದವುಗಳಿಗಿಂತ ಗಿಡ್ಡ, ಅಥವಾ ಅಲ್ಲಿ ಅರದ ಗೆರೆ, ಅಥವಾ ಗಾಲಿಯ ನಡುವೆ ಒಣಗಿದ ಅಂಟು. ತುಕ್ಕನ್ನೂ ನೋಡಿ. ನಿಮ್ಮ ಕಡೆಯ ಮಳೆಗಾಲ ಅರವತ್ತು ಸಲ ಕಂಡ ಉಕ್ಕು ಕಂದು ಬಣ್ಣಕ್ಕೆ ತಿರುಗಿರಲೇಬೇಕು. ಮೂರು ತುದಿ ಕಂದು, ಒಂದು ಮಾತ್ರ ಥಳಥಳ ಎಂದರೆ ಆ ಗಾಲಿ ಆಮೇಲೆ ಬಂದದ್ದು. ಈ ವ್ಯಾನಿಗೆ ಲೋಹ ಮತ್ತು ಬೂದು ಎರಡೇ ಥರ. ಎಲ್ಲಾದರೂ ಕಪ್ಪು ಗಾಲಿಯ ಬ್ರೂಕ್ ಬಾಂಡ್ ವ್ಯಾನು ಕಂಡರೆ ಬೇರೆ ಗಾಡಿಯ ಗಾಲಿ ಹಾಕಿದ್ದಾರೆ ಎಂದೇ ತಿಳಿಯಿರಿ.

ಬಣ್ಣ ಕೂಡ ಇದೇ ಜಾಗದಲ್ಲಿ ಸಿಕ್ಕಿಬೀಳುತ್ತದೆ. ಕಾರ್ಖಾನೆಯಲ್ಲಿ ಮೊದಲು ಮೈಗೆ ಬಣ್ಣ, ಅದು ಒಣಗಿದ ಮೇಲೆ ಗಾಲಿ. ಆದ್ದರಿಂದ ಅಚ್ಚಿನ ತುದಿಯ ಮೇಲೆ, ಗಾಲಿಯ ಒಳಮುಖದ ಮೇಲೆ ಕೆಂಪು ಹನಿ ಇರಕೂಡದು. ಇದ್ದರೆ ಗಾಲಿ ಬಿಚ್ಚದೆ ಯಾರೋ ಮತ್ತೆ ಬಣ್ಣ ಹೊಡೆದಿದ್ದಾರೆ. ಬಾಗಿಲ ಗೆರೆ, ದೀಪದ ಉಬ್ಬು, ಮುಂದಿನ ಜಾಲರಿ ಇವೆಲ್ಲ ತುಂಬಿಕೊಂಡು ಮೊಂಡಾಗಿ ಕಂಡರೂ ಅದೇ ಅನುಮಾನ.

ಇನ್ನು ಎರಕದ ಅಚ್ಚು. ಗಾಡಿಯನ್ನು ಮಗುಚಿ ತಳದ ಅಕ್ಷರ ಓದಿ. ಇಂಗ್ಲೆಂಡಿನಲ್ಲಿ ಲೆಸ್ನಿ ತಯಾರಿಸಿದ್ದು ಎಂಬ ಬರಹ ಚೂಪಾಗಿ, ಸಮನಾಗಿ ಇರಬೇಕು. ಅಸಲಿ ಗಾಡಿಯಿಂದ ಪಡಿಯಚ್ಚು ತೆಗೆದು ಎರಕ ಹೊಯ್ದ ನಕಲಿಯಲ್ಲಿ ಅಕ್ಷರದ ಅಂಚು ಕರಗಿದ ಬೆಲ್ಲದ ಹಾಗೆ ಮೊಂಡಾಗುತ್ತದೆ, ಗಾಡಿಯ ಉದ್ದವೂ ಕೂದಲೆಳೆಯಷ್ಟು ಕಡಿಮೆಯಾಗುತ್ತದೆ, ಏಕೆಂದರೆ ಎರಕ ಆರುವಾಗ ಕುಗ್ಗುತ್ತದೆ. ನಿಮ್ಮಲ್ಲಿ ಎರಡು ವ್ಯಾನು ಇರುವುದು ಅನುಕೂಲವೇ. ಎರಡನ್ನೂ ಅಕ್ಕಪಕ್ಕ ಮಗುಚಿಟ್ಟು ಅಕ್ಷರಗಳ ಜಾಗ, ಒಳಗಿನ ಪಟ್ಟಿಗಳು, ಎರಕ ಹೊರಬರಲು ತಳ್ಳುವ ಕಡ್ಡಿಗಳ ದುಂಡು ಗುರುತು ಹೋಲಿಸಿ. ಅವುಗಳಲ್ಲಿ ವ್ಯತ್ಯಾಸ ಕಂಡರೆ ತಕ್ಷಣ ನಕಲಿ ಎನ್ನಬೇಡಿ. ಉಕ್ಕಿನ ಅಚ್ಚು ಸವೆದಾಗ ತಿದ್ದುತ್ತಿದ್ದರು, ಜೊತೆಗೆ ಒಂದೇ ಗಾಡಿಗೆ ಒಂದಕ್ಕಿಂತ ಹೆಚ್ಚು ಅಚ್ಚೂ ಇರುತ್ತಿದ್ದವು. ಅಕ್ಷರ ಚೂಪಾಗಿದ್ದು ಜಾಗ ಮಾತ್ರ ಬೇರೆಯಾದರೆ ಅದು ಅಚ್ಚಿನ ಬದಲಾವಣೆ. ಸಂಗ್ರಹಕಾರರಿಗೆ ಗಾಲಿಗಿಂತ ಇದು ಹೆಚ್ಚು ರುಚಿಸುವ ವಿಷಯ.

ಅಯಸ್ಕಾಂತದ ಪರೀಕ್ಷೆಯನ್ನೂ ಮಾಡಿಬಿಡಿ. ಸತುವಿನ ಮೈ ಅಂಟಬಾರದು, ಅಚ್ಚಿನ ತಂತಿ ಅಂಟಬೇಕು. ಮೈಯೇ ಅಂಟಿಕೊಂಡರೆ ಅದು ತಗಡಿನ ಆಟಿಕೆ.

ಪ್ಲಾಸ್ಟಿಕ್ ಗಾಲಿಯ ಅಂಚಿನಲ್ಲಿ ಟೈರಿನ ಹಾಗೆ ಸಣ್ಣ ಹಲ್ಲುಗಳಿವೆ. 24, 36, 45 ಹೀಗೆ ಬೇರೆ ಬೇರೆ ಲೆಕ್ಕದವು ಬಂದಿವೆ, ಅದನ್ನು ಎಣಿಸಿ ವಿಂಗಡಿಸುವವರೂ ಇದ್ದಾರೆ. ಟೂತ್‌ಪಿಕ್ಕಿನಿಂದ ಒಂದು ಹಲ್ಲಿಗೆ ಗುರುತಿಟ್ಟುಕೊಂಡು ನೀವೂ ಎಣಿಸಬಹುದು. ನಾಲ್ಕು ಗಾಲಿಗಳ ಲೆಕ್ಕ ಒಂದೇ ಬಂದರೆ ಅದು ಒಳ್ಳೆಯ ಸಾಕ್ಷಿ. ಅದಕ್ಕಿಂತ ಮುಂದೆ ಹೋಗುವುದು ಹವ್ಯಾಸವಲ್ಲ, ಹುಚ್ಚು ಎಂಬುದು ನನ್ನ ಅಭಿಪ್ರಾಯ.

ಜಾಗ್ವಾರ್ ವಿಷಯ ಬೇಗ ಮುಗಿಯುತ್ತದೆ. ಮ್ಯಾಚ್‌ಬಾಕ್ಸ್ ನಂಬರು ಗಾಡಿಯದಲ್ಲ, ಸರಣಿಯಲ್ಲಿನ ಜಾಗದ್ದು. ಒಂದು ಗಾಡಿ ನಿಂತರೆ ಅದೇ ನಂಬರಿಗೆ ಇನ್ನೊಂದು ಬರುತ್ತದೆ. 65ರಲ್ಲಿ 1959ಕ್ಕೆ ನೀಲಿ ಬಣ್ಣದ 3.4 ಲೀಟರ್ ಜಾಗ್ವಾರ್ ಬಂತು, 1962ಕ್ಕೆ ಕೆಂಪು 3.8 ಲೀಟರ್ ಜಾಗ್ವಾರ್. ಎರಡನೆಯದರ ಬಾನೆಟ್ ತೆರೆಯುತ್ತದೆ. ಅದಕ್ಕೆ ಬೆಳ್ಳಿ ಬಣ್ಣದ, ಬೂದು ಬಣ್ಣದ, ಕಪ್ಪು ಬಣ್ಣದ ಪ್ಲಾಸ್ಟಿಕ್ ಗಾಲಿಗಳು ಮೂರೂ ಬಂದಿವೆ, ಕಪ್ಪು ಕೊನೆಯದು. ನಿಮ್ಮದರಲ್ಲಿ ಅನುಮಾನ ಪಡುವಂಥದ್ದಿಲ್ಲ. ಬಾನೆಟ್ಟಿನ ಕೀಲು ಮುರಿಯದಿದ್ದರೆ ಸಂತೋಷ. ಅದನ್ನು ತೆರೆದು ಮುಚ್ಚಿ ಎಲ್ಲರಿಗೂ ತೋರಿಸುವುದನ್ನು ಮಾತ್ರ ನಿಲ್ಲಿಸಿ.

ನಿಮ್ಮ ಟ್ರಂಕಿನಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ನಿಕ್ಕಿ ಕಾರು. ಅದನ್ನು ನೀವು ಕೊನೆಯಲ್ಲಿ, ಸ್ವಲ್ಪ ಸಂಕೋಚದಿಂದ ಬರೆದ ಹಾಗಿದೆ. ಲಿವರ್‌ಪೂಲಿನ ಮೆಕ್ಯಾನೊ ಕಂಪನಿ ಡಿಂಕಿ ಎಂಬ ಹೆಸರಿನಲ್ಲಿ ಆಟಿಕೆ ಕಾರುಗಳನ್ನು ಮಾಡುತ್ತಿತ್ತು. ಅದರ ಕೆಲವು ಹಳೇ ಅಚ್ಚುಗಳು 1960ರ ದಶಕದ ಕೊನೆಯ ಹೊತ್ತಿಗೆ ಕಲ್ಕತ್ತಾಗೆ ಬಂದವು. ಆ ಅಚ್ಚುಗಳಲ್ಲಿ ಇಲ್ಲಿಯೇ ಎರಕ ಹೊಯ್ದು ಮಾರಿದ ಗಾಡಿಗಳೇ ನಿಕ್ಕಿ. ಡಿಂಕಿಯ ಟ್ರಯಂಫ್ ಹೆರಾಲ್ಡ್ ಕಾರಿನ ಅಚ್ಚು ಇಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಆಯಿತು, ಏಕೆಂದರೆ ನಿಜವಾದ ಹೆರಾಲ್ಡ್ ಮದರಾಸಿನಲ್ಲಿ ಆ ಹೆಸರಿನಲ್ಲೇ ತಯಾರಾಗುತ್ತಿತ್ತು. ಹಾಗಾಗಿ ನಿಕ್ಕಿ ಎಂದರೆ ಡಿಂಕಿಯ ಕಳ್ಳನಕಲು ಎಂಬ ಮಾತು ಸುಳ್ಳು. ಅಚ್ಚು ಅದೇ, ಕೈ ಬೇರೆ.

ಆ ಕೈಯ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಬಣ್ಣ ದಪ್ಪ, ಕೆಲವು ಕಡೆ ಇಳಿದ ಹನಿ. ತಳದಲ್ಲಿ ಡಿಂಕಿ ಎಂಬ ಅಕ್ಷರವನ್ನು ಕೆರೆದು ಹೊಸ ಹೆಸರು ಕೂರಿಸಿದ ಜಾಗ ಒರಟಾಗಿರುತ್ತದೆ. ಈ ಒರಟುತನ ದೋಷವಲ್ಲ, ಅದೇ ಅಸಲಿತನದ ಗುರುತು. ಕೆಲವರು ತಳದ ಹೆಸರನ್ನು ಉಜ್ಜಿ, ಡಿಂಕಿ ಎಂದು ಮಾರಲು ನೋಡುತ್ತಾರೆ. ಯಾರಾದರೂ ‘ತಳ ಪಾಲಿಶ್ ಮಾಡಿಕೊಡ್ತೀನಿ’ ಎಂದರೆ ಕಾರು ಕೈಗೆ ಕೊಡಬೇಡಿ. ಇನ್ನೊಂದು ವಿಷಯ ಗಮನಿಸಿ: ಕಾಲ ತಾಳೆಯಾಗುತ್ತಿಲ್ಲ. ನಿಮ್ಮ ವ್ಯಾನುಗಳು 1963ರ ಒಳಗಿನವು, ನಿಕ್ಕಿ ಅದಕ್ಕಿಂತ ಈಚಿನದು. ದೊರೆ ಊರು ಬಿಟ್ಟ ವರ್ಷ ಮನೆಯ ಹಿರಿಯರಿಗೆ ನೆನಪಿದೆಯೇ ಕೇಳಿ. ನಿಕ್ಕಿ ಬರುವ ಮುಂಚೆಯೇ ಬಿಟ್ಟಿದ್ದರೆ ಈ ಕಾರನ್ನು ಟ್ರಂಕಿಗೆ ಸೇರಿಸಿದ್ದು ನಿಮ್ಮ ಮನೆಯದೇ ಯಾವುದೋ ಮಗು. ಮಾರುವಾಗ ‘ಎಲ್ಲವೂ ಬಂಗ್ಲೆಯಿಂದ ಬಂದದ್ದು’ ಎಂದು ಬರೆದುಕೊಡುವ ಮೊದಲು ಇದು ಗೊತ್ತಿರಲಿ.

ತಳದ ಇಸವಿಯ ಬಗ್ಗೆಯೂ ಒಂದು ಮಾತು, ಏಕೆಂದರೆ ಮುಂದೆ ನೀವು ಬೇರೆ ಗಾಡಿಗಳನ್ನು ನೋಡುತ್ತೀರಿ. ಎಷ್ಟೋ ಗಾಡಿಗಳ ತಳದಲ್ಲಿ ಹಕ್ಕಿನ ಗುರುತಿನ (©) ಜೊತೆ ಒಂದು ವರ್ಷ ಇರುತ್ತದೆ. ಅದು ವಿನ್ಯಾಸದ ವರ್ಷ, ತಯಾರಾದ ವರ್ಷವಲ್ಲ. 1971 ಎಂದಿರುವ ಗಾಡಿ ಹತ್ತು ವರ್ಷ ಬಿಟ್ಟು ಎರಕವಾಗಿರಬಹುದು. ಅದಕ್ಕಿಂತ ಊರಿನ ಹೆಸರು ನಂಬಿಕಸ್ಥ: 1982ರಲ್ಲಿ ಲೆಸ್ನಿ ದಿವಾಳಿಯಾಗಿ ಕೈ ಬದಲಾದ ಮೇಲೆ ಇಂಗ್ಲೆಂಡ್ ಹೋಗಿ ಮಕಾವ್ ಬಂತು, ಆಮೇಲೆ ಚೀನಾ, ಥಾಯ್ಲೆಂಡ್. ತೆಳ್ಳಗಿನ ತಂತಿಯ ಮೇಲೆ ಸರ್ರನೆ ಓಡುವ ಗಾಲಿ ಇದ್ದರೆ ಅದು 1969ರಿಂದ ಈಚೆಗಿನದು. ಹಾಟ್ ವೀಲ್ಸ್ ಎಂಬ ಆಟಿಕೆ ಕಾರುಗಳು ಪೈಪೋಟಿಗೆ ಬಂದಾಗ ಮ್ಯಾಚ್‌ಬಾಕ್ಸ್ ತಂದ ಬದಲಾವಣೆ ಅದು.

ಈಗ ಗುಳ್ಳೆ ಮತ್ತು ಬಿಳಿ ಪುಡಿ. ಇದರ ಬಗ್ಗೆ ಹೆದರಿಸುವವರು ಬಹಳ. ಮೈ ಮಾಡಿರುವುದು ಸತುವಿನ ಮಿಶ್ರಲೋಹದಿಂದ: ಸುಮಾರು ಶೇಕಡ 4ರಷ್ಟು ಅಲ್ಯುಮಿನಿಯಂ, ಚೂರು ಮೆಗ್ನೀಸಿಯಂ, ಕೆಲವು ಸಲ ತಾಮ್ರ. ಇದಕ್ಕೆ ಸೀಸದ ಕಲಬೆರಕೆ ಸೇರಿದರೆ, ಅದೂ ಸಾವಿರದಲ್ಲೊಂದು ಪಾಲಿಗಿಂತ ಎಷ್ಟೋ ಕಡಿಮೆ ಇದ್ದರೂ, ಲೋಹದ ಕಣಗಳ ನಡುವಿನ ಗೆರೆ ಹಿಡಿದು ಕೊರೆತ ಶುರುವಾಗುತ್ತದೆ. ಮೈ ಊದುತ್ತದೆ, ಬಾಗುತ್ತದೆ, ಬಲೆಯ ಹಾಗೆ ಬಿರುಕು ಬಿಟ್ಟು ರಸ್ಕಿನಂತೆ ಪುಡಿಯಾಗುತ್ತದೆ. ಶೆಖೆ ಮತ್ತು ತೇವ ಅದಕ್ಕೆ ಕುಮ್ಮಕ್ಕು. ಇದಕ್ಕೆ ಮದ್ದಿಲ್ಲ. ಆದರೆ ಈ ರೋಗ ಹೆಚ್ಚಾಗಿ ಕಾಣುವುದು ಎರಡನೇ ಮಹಾಯುದ್ಧಕ್ಕೆ ಮುಂಚಿನ ಡಿಂಕಿಗಳಂಥ ಆಟಿಕೆಗಳಲ್ಲಿ. ನಿಮ್ಮ ವ್ಯಾನಿನ ಕಾಲಕ್ಕೆ ಶುದ್ಧ ಸತು ಬಳಸುವುದು ರೂಢಿಯಾಗಿತ್ತು.

ನಿಮ್ಮದು ಬಹುಶಃ ಬರೀ ಮೇಲ್ಮೈಯ ಸಮಸ್ಯೆ. ಬಣ್ಣ ಕಿತ್ತ ಜಾಗದಲ್ಲಿ ನೀರಿನಂಶ ಹೊಕ್ಕು ಸತು ಬಿಳಿ ಪುಡಿಯಾಗುತ್ತದೆ, ಆ ಪುಡಿ ಉಬ್ಬಿ ಬಣ್ಣವನ್ನು ಎತ್ತುತ್ತದೆ. ಮಲೆನಾಡಿನ ಅಟ್ಟದಲ್ಲಿ ಇಷ್ಟಾಗದಿದ್ದರೇ ಆಶ್ಚರ್ಯ. ಇದು ಆ ರೋಗವೋ ಬರೀ ಮೇಲ್ಮೈಯದೋ ಎಂದು ತಿಳಿಯಲು ವ್ಯಾನನ್ನು ಗಾಜಿನ ಮೇಲೆ ನಿಲ್ಲಿಸಿ. ನಾಲ್ಕೂ ಗಾಲಿ ಕೂತು, ಮೈ ನೇರವಾಗಿದ್ದು, ಬಿರುಕಿನ ಬಲೆ ಇಲ್ಲದಿದ್ದರೆ ಸಮಾಧಾನವಾಗಿರಿ.

ಅತ್ತೆಯ ಹುಣಸೆಹಣ್ಣು ಹಿತ್ತಾಳೆಗೆ, ತಾಮ್ರಕ್ಕೆ ಸರಿ. ಅಲ್ಲಿ ಹುಳಿ ಕಿಲುಬನ್ನು ಕರಗಿಸಿ ಲೋಹವನ್ನು ಹೆಚ್ಚು ಮುಟ್ಟುವುದಿಲ್ಲ. ಸತುವನ್ನು ಹುಳಿ ತಿಂದೇ ಬಿಡುತ್ತದೆ. ನಿಂಬೆ, ವಿನೆಗರ್ ಕೂಡ ಅಷ್ಟೇ. ಬಟ್ಟೆ ಸೋಡಾದಂಥ ಕ್ಷಾರವೂ ಸತುವಿಗೆ ಆಗದು, ಬಣ್ಣವನ್ನೂ ಕೀಳುತ್ತದೆ. ಸಬೀನಾ, ಟೂತ್‌ಪೇಸ್ಟು, ಸೀಮೆಎಣ್ಣೆ, ತಿನ್ನರ್ ಹತ್ತಿರ ತರಬೇಡಿ. ಎಲ್ಲಕ್ಕಿಂತ ಅಪಾಯದಲ್ಲಿರುವುದು ‘ಬ್ರೂಕ್ ಬಾಂಡ್ ಟೀ’ ಎಂಬ ಬರಹ. ಅದು ಬಣ್ಣದಲ್ಲಿ ಬರೆದದ್ದಲ್ಲ, ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸಿದ ತೆಳು ಪೊರೆ. ನೀರಿನಲ್ಲಿ ಅದ್ದಿದರೆ ಬಂದ ದಾರಿಯಲ್ಲೇ ಹೋಗುತ್ತದೆ. ಆ ಬರಹ ಹೋದ ಮೇಲೆ ಉಳಿಯುವುದು ಒಂದು ಕೆಂಪು ಡಬ್ಬ.

ಮಾಡಬೇಕಾದ್ದು ಇಷ್ಟು. ಮೃದುವಾದ ಒಣ ಪೇಂಟ್ ಬ್ರಷ್ಷಿನಿಂದ ಧೂಳು, ಸಡಿಲ ಬಿಳಿ ಪುಡಿ ಎರಡನ್ನೂ ತೆಗೆಯಿರಿ. ಎದ್ದ ಗುಳ್ಳೆಯನ್ನು ಒತ್ತಬೇಡಿ, ಕೀಳಬೇಡಿ. ಕೊಳೆ ಉಳಿದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಲೋಟ, ಅದಕ್ಕೆ ಒಂದೇ ಹನಿ ಮಕ್ಕಳ ಶಾಂಪೂ. ಇಯರ್ ಬಡ್ ಅದ್ದಿ, ಚೆನ್ನಾಗಿ ಹಿಂಡಿ, ಬರಹದಿಂದ ಬೆರಳಗಲ ದೂರ ಉಳಿದು ಒರೆಸಿ. ಬರೀ ನೀರಿನ ಇನ್ನೊಂದು ಬಡ್ಡಿನಿಂದ ಮತ್ತೆ ಒರೆಸಿ, ತಕ್ಷಣ ಹತ್ತಿ ಬಟ್ಟೆಯಲ್ಲಿ ಒಣಗಿಸಿ ನೆರಳಲ್ಲಿಡಿ. ಕಣದ ಬಿಸಿಲಿಗೆ ಹಾಕಬೇಡಿ. ತುಕ್ಕು ಹಿಡಿದ ಅಚ್ಚಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ಟೂತ್‌ಪಿಕ್ಕಿನ ತುದಿಯಲ್ಲಿ ಮುಟ್ಟಿಸಿದಷ್ಟು ಸಾಕು. ಆ ಕಾಲದ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಕೆಲಸ ಮುಗಿಸಿ ಕೈ ತೊಳೆಯಿರಿ, ಉದುರಿದ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ತೆಗೆಯಿರಿ, ಮನೆಯ ಚಿಕ್ಕ ಮಕ್ಕಳ ಕೈಗೆ ಈ ಗಾಡಿಗಳನ್ನು ಕೊಡಬೇಡಿ.

ತಮ್ಮನ ಸ್ಪ್ರೇ ಬಗ್ಗೆ. ಗ್ಯಾರೇಜಿನವರು ಹೊಡೆಯುವ ಬಣ್ಣ ನಿಮ್ಮ ವ್ಯಾನಿಗೆ ಹೊಳಪು ತರುತ್ತದೆ, ಆದರೆ ಆಮೇಲೆ ಅದು ಯಾವ ಕಾಲದ ತಯಾರಿ ಎಂದು ಹೇಳುವ ಅರ್ಧ ಸಾಕ್ಷಿ ಅಳಿಸಿಹೋಗುತ್ತದೆ. ಸಂಗ್ರಹಕಾರರು ಇಂಥ ಗಾಡಿಯನ್ನು ‘ಕೋಡ್ 3’ ಎನ್ನುತ್ತಾರೆ, ಅಂದರೆ ತಯಾರಕರ ಒಪ್ಪಿಗೆಯಿಲ್ಲದೆ ಹೊರಗಿನವರು ಬದಲಿಸಿದ್ದು. ಮುಕ್ಕಾದ ಮೂಲ ಬಣ್ಣಕ್ಕೆ ಇರುವ ಬೆಲೆ ಹೊಸ ಬಣ್ಣಕ್ಕಿಲ್ಲ. ತಮ್ಮನಿಗೆ ಕೈ ತುರಿಸುತ್ತಿದ್ದರೆ ಮೈಯೆಲ್ಲ ಬೋಳಾದ, ಗಾಲಿ ಕಳೆದ ಯಾವುದಾದರೂ ಗಾಡಿ ಸಂತೆಯಲ್ಲಿ ಸಿಗುತ್ತದೆ, ಅದರ ಮೇಲೆ ತೀರಿಸಿಕೊಳ್ಳಲಿ.

ಇಡುವುದು ಎಲ್ಲಿ? ಟ್ರಂಕು ಬೇಡ, ಅಟ್ಟವಂತೂ ಬೇಡ. ಗಾಳಿಯಾಡದ ಮುಚ್ಚಳದ 5 ಲೀಟರ್ ಪ್ಲಾಸ್ಟಿಕ್ ಡಬ್ಬಕ್ಕೆ 50 ಗ್ರಾಂ ಸಿಲಿಕಾ ಜೆಲ್, ಬಣ್ಣ ಬದಲಾಯಿಸುವ ಜಾತಿಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ನೋಡಿ, ಬಣ್ಣ ತಿರುಗಿದ್ದರೆ ಬದಲಿಸಿ. ಒಂದೊಂದು ಗಾಡಿಯನ್ನೂ ತೊಳೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ. ನ್ಯೂಸ್ ಪೇಪರ್ ಬೇಡ, ಅದರ ಆಮ್ಲವೂ ಶಾಯಿಯೂ ಇಳಿಯುತ್ತವೆ. ಗುಳ್ಳೆಯ ಪ್ಲಾಸ್ಟಿಕ್ ಹಾಳೆ ಬಣ್ಣದ ಮೇಲೆ ದುಂಡು ಕಲೆ ಬಿಡುತ್ತದೆ. ನುಸಿ ಗುಳಿಗೆ ಹಾಕಲೇಬೇಡಿ, ಅದರ ಆವಿ ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ.

ಮಾರುವುದಾದರೆ ಒಂದು ವಿಷಯ ಯೋಚಿಸಿ. ‘ಬೂದು ಗಾಲಿಯದೊಂದನ್ನೇ ಕೊಡಿ’ ಎನ್ನುವವರು ಅದು ತಪ್ಪಿನ ಮಾಲು ಎಂದಿದ್ದಾರೆ, ಆದರೆ ಅದು ತಪ್ಪಿನ ಮಾಲಲ್ಲ. ಅಂದರೆ ಒಂದೋ ಅವರಿಗೆ ಗೊತ್ತಿಲ್ಲ, ಇಲ್ಲವೇ ಎರಡು ವ್ಯಾನುಗಳಲ್ಲಿ ಅದರ ಮೈಯೇ ಚೆನ್ನಾಗಿರಬೇಕು. ಬಿಳಿ ಪುಡಿ ಯಾವುದರಲ್ಲಿದೆ ಎಂದು ನೀವು ಬರೆದಿಲ್ಲ, ನೀವೇ ನೋಡಿ. ಚೆನ್ನಾಗಿರುವುದು ಹೋದ ಮೇಲೆ ಪುಡಿ ಉದುರುವುದೊಂದನ್ನೇ ಮಾರುವುದು ಕಷ್ಟ. ಅಕ್ಕಪಕ್ಕ ನಿಂತ ಜೋಡಿ ಮೊದಲಿನ ತಯಾರಿ, ನಂತರದ ತಯಾರಿ ಎರಡನ್ನೂ ತೋರಿಸುತ್ತದೆ, ಅದಕ್ಕೆ ಕೊಳ್ಳುವವರು ಬೇರೆಯೇ ಇರುತ್ತಾರೆ. ಯಾರಿಗೇ ತೋರಿಸಿದರೂ ಮುಂಗಡ ಪಡೆಯುವ ಮೊದಲು ಹಗಲು ಬೆಳಕಿನಲ್ಲಿ ಆರು ಕಡೆಯಿಂದಲೂ ಫೋಟೊ ತೆಗೆಯಿರಿ, ಅಚ್ಚಿನ ನಾಲ್ಕು ತುದಿಗಳನ್ನು ಹತ್ತಿರದಿಂದ ಪ್ರತ್ಯೇಕವಾಗಿ. ಗುಳ್ಳೆಯನ್ನು ಮುಚ್ಚಿಡದೆ ಅದರದೂ ಒಂದು ಫೋಟೊ ಇರಲಿ, ಆಮೇಲೆ ‘ಹೀಗಿತ್ತು ಅಂತ ಹೇಳಲಿಲ್ಲ’ ಎಂಬ ಜಗಳ ಬರುವುದಿಲ್ಲ.

ಒಲೆಗೆ ಹಾಕಬಹುದಾ ಎಂದು ಕೇಳಿದ ರಟ್ಟಿನ ಚೂರುಗಳನ್ನು ಇವತ್ತೇ ಹಂಡೆ ಒಲೆಯ ಹತ್ತಿರದಿಂದ ಎತ್ತಿಡಿ. ಬೆಂಕಿಪೊಟ್ಟಣದಷ್ಟು ಅಗಲದ, ಹಳದಿ-ನೀಲಿ ಬಣ್ಣದ ಚೂರು ಅದರಲ್ಲಿದೆಯೇ ಹುಡುಕಿ. ಮ್ಯಾಚ್‌ಬಾಕ್ಸ್ ಗಾಡಿಗಳು ಬರುತ್ತಿದ್ದುದೇ ಅಂಥ ಪೊಟ್ಟಣದಲ್ಲಿ, ಹೆಸರು ಬಂದದ್ದೂ ಅದರಿಂದಲೇ. ಮೊದಲಿನ ಪೊಟ್ಟಣಗಳ ಮೇಲೆ ಲೆಸ್ನಿಯ ಜೊತೆಗೆ ವಿತರಕರಾದ ‘ಮೋಕೊ’ ಹೆಸರೂ ಇರುತ್ತದೆ, ನಂತರದವುಗಳಲ್ಲಿ ಅದಿಲ್ಲ. ಹರಿದಿದ್ದರೂ ಪರವಾಗಿಲ್ಲ, ಸೆಲ್ಲೋಟೇಪ್ ಹಚ್ಚಬೇಡಿ. ಬೂಷ್ಟು ಇದ್ದರೆ ನೆರಳಲ್ಲಿ ಎರಡು ದಿನ ಒಣಗಿಸಿ ಒಣ ಬ್ರಷ್ಷಿನಿಂದ ಉದುರಿಸಿ, ಎರಡು ಬಿಳಿ ಹಾಳೆಗಳ ನಡುವೆ ದಪ್ಪ ಪುಸ್ತಕದ ಒಳಗಿಡಿ. ಕಿವಿಯ ಹಾಗೆ ಮಡಚಿಕೊಳ್ಳುವ ತುಂಡಿನ ಮೇಲೆ 47 ಎಂಬ ಅಂಕಿ ಕಂಡರೆ ಅದರ ಫೋಟೊವನ್ನೂ ವ್ಯಾನಿನ ಫೋಟೊಗಳ ಜೊತೆಗೇ ಇಟ್ಟುಕೊಳ್ಳಿ.